ಹಳೆ ಪಿಕಪ್‌ಗೆ ಬೇರೆ ವರ್ಷದ ಸೀಟು: ತೂತಿಗಿಂತ ಮೊದಲು ಬೆಲ್ಟ್ ನೋಡಿ

ಇಪ್ಪತ್ತು ಮೂವತ್ತು ವರ್ಷ ಓಡಿದ ಪಿಕಪ್‌ನಲ್ಲಿ ಎಂಜಿನ್ನಿಗಿಂತ ಮೊದಲು ಸೋಲುವುದು ಡ್ರೈವರ್ ಸೀಟು. ಹತ್ತಿ ಇಳಿಯುವ ಕಡೆಯ ಅಂಚಿನಲ್ಲಿ ಸ್ಪಂಜು ಪುಡಿಯಾಗಿ, ಕೆಳಗಿನ ತಂತಿ ತೊಡೆಗೆ ಒತ್ತತೊಡಗುತ್ತದೆ. ಹೊಸ ಸ್ಪಂಜು ಹಾಕಿಸಿ ಕವರ್ ಹೊಲಿಸುವ ದುಡ್ಡಿನಲ್ಲಿ ಗುಜರಿಯಿಂದ ಇನ್ನೊಂದು ವರ್ಷದ ಗಾಡಿಯ ಗಟ್ಟಿ ಸೀಟೇ ಸಿಗುವಾಗ ಬದಲಾಯಿಸುವ ಯೋಚನೆ ಬರುವುದು ಸಹಜ. ಆಗ ಎಲ್ಲರೂ ಕೇಳುವುದು ಒಂದೇ: ‘ಬೋಲ್ಟಿನ ತೂತು ಕೂಡುತ್ತದಾ?’ ಕೂಡದ ತೂತನ್ನು ಅರ್ಧ ದಿನದಲ್ಲಿ ಕೂಡಿಸಬಹುದು. ಮೊದಲು ಕೇಳಬೇಕಾದದ್ದು, ಬರುವ ಸೀಟಿನ ಬೆಲ್ಟು ಎಲ್ಲಿಗೆ ಕಟ್ಟಿದೆ ಎಂಬುದು. ಬಾಗಿಲ ಹಿಂದಿನ ಕಂಬಕ್ಕೋ, ಫ್ಲೋರಿಗೋ, ಸೀಟಿಗೋ? ಯಾವ ಸೀಟು ತರಬಹುದು, ಯಾವುದನ್ನು ಮುಟ್ಟಬಾರದು ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಅಮೆರಿಕದ ಫೋರ್ಡ್, ಶೆವರ್ಲೆ, ಡಾಡ್ಜ್ ಪಿಕಪ್‌ಗಳದು. ಸ್ಟೀರಿಂಗ್ ಎಡಗಡೆ, ಅಳತೆ ಹೆಚ್ಚಾಗಿ ಇಂಚಿನಲ್ಲಿ.

ವರ್ಷ ಬೇರೆ, ಕ್ಯಾಬಿನ್ ಬೇರೆ

ಮಾಡೆಲ್ ವರ್ಷ ಬದಲಾದಾಗಲೆಲ್ಲ ಕ್ಯಾಬಿನ್ ಬದಲಾಗುವುದಿಲ್ಲ. ಫೋರ್ಡ್ ಎಫ್-150 ಮುಂದಿನ ಮುಖ 1987ರಲ್ಲೊಮ್ಮೆ, 1992ರಲ್ಲೊಮ್ಮೆ ಬದಲಾಯಿತು. ಒಳಗಿನ ಕ್ಯಾಬಿನ್ನಿನ ಮೂಲ ಕಟ್ಟು ಮಾತ್ರ 1980ರಿಂದ 1996ರವರೆಗೆ ಅದೇ. ಹಾಗಾಗಿ 1995ರ ಸೀಟು 1983ರ ಗಾಡಿಗೆ ಹೆಚ್ಚು ತಕರಾರಿಲ್ಲದೆ ಕೂರುತ್ತದೆ. ಫೋರ್ಡ್‌ನದೇ ಜೀಪಿನಂಥ ಗಾಡಿ, ಅದೇ ಕಾಲದ ಬ್ರಾಂಕೋದ ಮುಂಭಾಗವೂ ಇದೇ ಕುಟುಂಬದ್ದು, ಅದರ ಎರಡು ಬಿಡಿ ಸೀಟುಗಳಿಗೆ ಬೇಡಿಕೆ ಇರುವುದು ಅದಕ್ಕೇ. ಸೀಟು ಬದಲಿಸುವವರಿಗೆ ಇದಕ್ಕಿಂತ ಸುಲಭದ ಗಾಡಿ ಇಲ್ಲ ಎಂದರೂ ನಡೆಯುತ್ತದೆ.

ಎಡವುವುದು ವರ್ಷ ಎರಡೂ ಕಡೆ ಹಂಚಿಹೋದಲ್ಲಿ. 1997ರಲ್ಲಿ ಎಫ್-150 ಪೂರ್ತಿ ಹೊಸದಾಯಿತು, ಆದರೆ ಆ ವರ್ಷದ ಎಫ್-350 ಇನ್ನೂ ಹಳೆ ಕ್ಯಾಬಿನ್ನಿನಲ್ಲೇ ಬರುತ್ತಿತ್ತು. ‘1997ರ ಫೋರ್ಡ್ ಸೀಟು’ ಎಂಬ ಜಾಹೀರಾತು ನೋಡಿ ಹೋದರೆ ಎರಡರಲ್ಲಿ ಯಾವುದೂ ಎದುರಾಗಬಹುದು. ಶೆವರ್ಲೆ ಮಾಡುವ ಜನರಲ್ ಮೋಟಾರ್ಸ್‌ನ ಕಥೆಯೂ ಹೀಗೇ. ಚೌಕ ಮುಖದ ಸಿ/ಕೆ ಪಿಕಪ್ 1973ರಿಂದ 1987ರವರೆಗೆ, ಆದರೆ ನಾಲ್ಕು ಬಾಗಿಲಿನ ಕ್ರೂ ಕ್ಯಾಬ್ ಅದೇ ರೂಪದಲ್ಲಿ 1991ರವರೆಗೆ ಎಳೆಯಿತು. ಆಮೇಲಿನದು ಜಿಎಂಟಿ400, 1988ರಿಂದ 1998, ಕೆಲವು ದೊಡ್ಡ ಗಾಡಿಗಳಲ್ಲಿ 2000ರವರೆಗೆ. ಅದರ ನಂತರದ್ದು 1999ರಲ್ಲಿ ಬಂದ ಜಿಎಂಟಿ800, ಅಂದರೆ ಮೊದಲ ಸಿಲ್ವರಾಡೊ. ಇವು ಮೂರೂ ಬೇರೆ ಬೇರೆ ಕ್ಯಾಬಿನ್. ಒಂದರ ಸೀಟನ್ನು ಇನ್ನೊಂದಕ್ಕೆ ಹಾಕಬೇಕೆಂದರೆ ಬ್ರಾಕೆಟ್ ಕೆಲಸ ಇದ್ದೇ ಇದೆ. ಡಾಡ್ಜ್ ರ‍್ಯಾಮ್‌ನ ಎರಡನೇ ರೂಪ 1994ರಿಂದ 2001, ಅದರ ದೊಡ್ಡ 2500 ಮತ್ತು 3500 ಗಾಡಿಗಳಲ್ಲಿ 2002ರವರೆಗೆ.

ಮಾರುವವನ ಬಾಯಿಮಾತು ಬಿಟ್ಟು ಗಾಡಿಯ ಗುರುತಿನ ಸಂಖ್ಯೆ, ಅಂದರೆ ವಿಐಎನ್‌ನ ಹತ್ತನೇ ಅಕ್ಷರ ಓದಿ. ಟಿ ಇದ್ದರೆ 1996, ವಿ ಇದ್ದರೆ 1997, ಡಬ್ಲ್ಯು 1998, ಎಕ್ಸ್ 1999. ವರ್ಷ ತಿಳಿದ ಮೇಲೂ ಡ್ಯಾಶ್‌ಬೋರ್ಡ್ ಮತ್ತು ಬಾಗಿಲಿನ ಆಕಾರ ನಿಮ್ಮ ಗಾಡಿಯದರಂತೆಯೇ ಇದೆಯಾ ಎಂದು ಕಣ್ಣಾರೆ ನೋಡಿ.

1967ರಿಂದ 1972ರ ಶೆವರ್ಲೆ ಪಿಕಪ್ ಇಟ್ಟುಕೊಂಡವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಆ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ನಿನೊಳಗೇ, ಸೀಟಿನ ಬೆನ್ನ ಹಿಂದೆಯೇ ಇದೆ. ಹೊಸ ಕಾಲದ ಸೀಟು ದಪ್ಪ, ಬೆನ್ನು ಹಿಂದಕ್ಕೆ ವಾಲುತ್ತದೆ. ವಾಲಿಸುವ ಯಂತ್ರದ ಚೂಪು ಮೂಲೆ ಟ್ಯಾಂಕಿಗೆ ಉಜ್ಜುತ್ತ ಕೂತರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೊದಲು ಟ್ಯಾಂಕನ್ನು ಗಾಡಿಯ ಹಿಂಭಾಗದ ಕೆಳಕ್ಕೆ ಸಾಗಿಸಿ, ಆಮೇಲೆ ಸೀಟಿನ ಮಾತು.

ಬೆಲ್ಟಿನ ಲೆಕ್ಕ

ಸಾಮಾನ್ಯ ಎರಡು ಬಾಗಿಲಿನ ಕ್ಯಾಬಿನ್ನಿನಲ್ಲಿ ಭುಜದ ಬೆಲ್ಟು ಬಾಗಿಲ ಹಿಂದಿನ ಕಂಬಕ್ಕೆ ಕಟ್ಟಿರುತ್ತದೆ. ಅಪಘಾತದಲ್ಲಿ ಮನುಷ್ಯನ ಭಾರವನ್ನು ಕಂಬವೂ ಫ್ಲೋರೂ ಹೊರುತ್ತವೆ, ಸೀಟು ತನ್ನ ಭಾರ ತಾನು ಹೊತ್ತರೆ ಸಾಕು. ಹಿಂದಿನ ಅರ್ಧ ಬಾಗಿಲು ತಿರುಗುಮುರುಗಾಗಿ ತೆರೆಯುವ ಎಕ್ಸ್‌ಟೆಂಡೆಡ್ ಕ್ಯಾಬ್‌ಗಳಲ್ಲಿ ನಡುವೆ ಕಂಬವೇ ಇಲ್ಲ. ಕಟ್ಟಲು ಜಾಗವಿಲ್ಲದೆ ತಯಾರಕರು ಬೆಲ್ಟನ್ನು ಸೀಟಿನ ಬೆನ್ನೊಳಗೇ ಸೇರಿಸಿದರು. 1998ರ ರ‍್ಯಾಮ್ ಕ್ವಾಡ್ ಕ್ಯಾಬ್, 1999ರ ನಂತರದ ಸಿಲ್ವರಾಡೊ ಎಕ್ಸ್‌ಟೆಂಡೆಡ್ ಕ್ಯಾಬ್ ಎರಡರಲ್ಲೂ ಮುಂದಿನ ಸೀಟಿನ ಭುಜದ ಮೂಲೆಯಿಂದ ಬೆಲ್ಟು ಹೊರಬರುವುದನ್ನು ನೋಡಬಹುದು.

ಹಳೆ ಚೌಕ ಮುಖದ ಗಾಡಿಗೆ ಬರೀ ಸೊಂಟದ ಬೆಲ್ಟು ಸಾಕಾಗುತ್ತಿಲ್ಲ, ಭುಜದ ಬೆಲ್ಟೂ ಸಿಕ್ಕಂತಾಯಿತು ಎಂದು ಇಂಥ ಸೀಟನ್ನೇ ಹುಡುಕಿ ತಂದು ಹಾಕುವವರು ಬಹಳ. ಒಂದು ಲೆಕ್ಕ ನೋಡಿ. ಅಮೆರಿಕದ ಸುರಕ್ಷತಾ ಮಾನದಂಡ 207ರ ಪ್ರಕಾರ ಸೀಟಿನ ಹಿಡಿತ ಸೀಟಿನ ತೂಕದ 20 ಪಟ್ಟು ಎಳೆತ ತಡೆಯಬೇಕು. ಸೀಟು 30 ಕೆಜಿ ಎಂದಿಟ್ಟುಕೊಂಡರೆ 600 ಕೆಜಿ ಆಯಿತು. ಮಾನದಂಡ 210 ಬೆಲ್ಟಿನದು: ಸೊಂಟದ ಪಟ್ಟಿಗೆ 3,000 ಪೌಂಡ್, ಭುಜದ ಪಟ್ಟಿಗೆ ಇನ್ನೂ 3,000 ಪೌಂಡ್. ಎರಡೂ ಸೇರಿ ಸುಮಾರು 2,720 ಕೆಜಿ. ಬೆಲ್ಟು ಸೀಟಿಗೇ ಕಟ್ಟಿದ್ದರೆ ಇವೆಲ್ಲ ಒಟ್ಟಿಗೆ ಅದೇ ನಾಲ್ಕು ಬೋಲ್ಟಿನ ಮೇಲೆ ಬೀಳುತ್ತವೆ. ಅಂದರೆ 3,300 ಕೆಜಿಗೂ ಮೇಲೆ, ಐದು ಪಟ್ಟಿಗಿಂತ ಹೆಚ್ಚು. ಅಷ್ಟೇ ಅಲ್ಲ, ಭುಜದ ಪಟ್ಟಿ ಸೀಟಿನ ತುದಿಯಿಂದ ಎಳೆಯುವುದರಿಂದ ಸೀಟು ಮುಂದಕ್ಕೆ ಮಗುಚಲು ನೋಡುತ್ತದೆ, ಹಿಂದಿನ ಎರಡು ಬೋಲ್ಟುಗಳು ಫ್ಲೋರನ್ನು ಹರಿದುಕೊಂಡು ಮೇಲೇಳಲು ನೋಡುತ್ತವೆ. ಹೊಸ ಗಾಡಿಯಲ್ಲಿ ಆ ಜಾಗಕ್ಕೆ ಬಲ ಕೊಟ್ಟಿರುತ್ತಾರೆ. 1978ರ ಶೆವರ್ಲೆಯಲ್ಲಿ ಅಲ್ಲಿರುವುದು ಬರೀ ತಗಡು, ಅದಕ್ಕೂ ಅರ್ಧ ತುಕ್ಕು.

ಆದ್ದರಿಂದ ಬೆಲ್ಟು ಒಳಗಿರುವ ಸೀಟನ್ನು ಬೆಲ್ಟು ಒಳಗಿರುವ ಸೀಟಿಗಾಗಿಯೇ ಕಟ್ಟಿದ ಕ್ಯಾಬಿನ್ನಿಗೆ ಮಾತ್ರ ಹಾಕಿ. ಉಳಿದವರು ಎರಡು ಬಾಗಿಲಿನ ಕ್ಯಾಬಿನ್ನಿನಿಂದ, ಬೆನ್ನಲ್ಲಿ ಬೆಲ್ಟಿಲ್ಲದ ಸೀಟು ತಂದು, ತಮ್ಮ ಗಾಡಿಯ ಕಂಬದ ಬೆಲ್ಟನ್ನೇ ಬಳಸುವುದು ಒಳ್ಳೆಯದು. ಕೆಳಗೆ ಅಡ್ಡ ಚಾನೆಲ್ ಬೆಸೆದು ಬಲ ಕೊಡುವ ದಾರಿಯೂ ಇದೆ, ಆದರೆ ಅದು ಮನೆಯಂಗಳದ ಕೆಲಸವಲ್ಲ.

ಬಕಲ್ಲಿನ ವಿಷಯವೂ ಇದಕ್ಕೇ ಸೇರಿದ್ದು. ಉದ್ದ ಬೆಂಚ್ ಸೀಟಿನಲ್ಲಿ ಬಕಲ್ಲು ಸಾಮಾನ್ಯವಾಗಿ ಫ್ಲೋರಿಗೆ ಕಟ್ಟಿ ಕುಶನ್ನಿನ ಸಂದಿಯಿಂದ ಮೇಲೆ ಬಂದಿರುತ್ತದೆ. ಬಿಡಿ ಸೀಟುಗಳಲ್ಲಿ ಹಲವಕ್ಕೆ ಸೀಟಿನ ಚೌಕಟ್ಟಿಗೇ ಇದ್ದು ಸೀಟಿನ ಜೊತೆ ಹಿಂದೆ ಮುಂದೆ ಸರಿಯುತ್ತದೆ. ಒಂದು ವರ್ಷದ ಬೆಲ್ಟಿನ ನಾಲಿಗೆ (ಬಕಲ್ಲಿಗೆ ತೂರುವ ಲೋಹದ ತುದಿ) ಬೇರೆ ವರ್ಷದ ಬಕಲ್ಲಿಗೆ ಹೋದಂತೆ ಕಂಡು ಅರ್ಧಕ್ಕೇ ನಿಲ್ಲುವುದುಂಟು. ಕ್ಲಿಕ್ ಎಂಬ ಸದ್ದು ಬಂದರೂ ಜೋರಾಗಿ ಜಗ್ಗಿ ನೋಡಬೇಕು. ಜೋಡಿ ಒಡೆಯದೆ ನಾಲಿಗೆ, ಬಕಲ್ಲು ಎರಡನ್ನೂ ಒಂದೇ ಗಾಡಿಯಿಂದ ತರುವುದೇ ಸರಿ. ಬೆಲ್ಟಿನ ಬೋಲ್ಟು ಮಾಮೂಲಾಗಿ 7/16 ಇಂಚಿನದು, ಇಂಚಿಗೆ 20 ಸುತ್ತು. ತಲೆಗೆ ಟಿ50 ಎಂಬ ನಕ್ಷತ್ರಾಕಾರದ ಟಾರ್ಕ್ಸ್ ಬಿಟ್ ಬೇಕು. ಸವೆದ ಬಿಟ್ ತೆಗೆದುಕೊಂಡು ಹೋದರೆ ಬೋಲ್ಟಿನ ತಲೆ ಉರುಟಾಗಿ ಅರ್ಧ ದಿನ ಹಾಳು.

ಗುಜರಿಗೆ ಹೋಗುವ ಮೊದಲು

ಹಳೆ ಸೀಟು ತೆಗೆದು, ದಪ್ಪ ರಟ್ಟಿನ ಹಾಳೆಯನ್ನು ಗಾಡಿಯ ಫ್ಲೋರಿನ ಮೇಲೆ ಹಾಸಿ. ಪ್ರತಿ ಬೋಲ್ಟಿನ ತೂತಿನ ಮೇಲೆ ಬೆರಳಿನಿಂದ ಒತ್ತಿ ಗುರುತು ಮೂಡಿಸಿ, ಪೆನ್ಸಿಲ್ಲಿನಿಂದ ಚುಚ್ಚಿ. ಬೆಲ್ಟಿನ ಬುಡ, ನಡುವಿನ ಗುಬ್ಬು (ಗೇರ್‌ಬಾಕ್ಸ್ ಮೇಲಿನ ಫ್ಲೋರಿನ ಉಬ್ಬು) ಏಳುವ ಗೆರೆ, ಗೇರ್ ಲಿವರಿನ ಜಾಗ, ಹಿಂದಿನ ಗೋಡೆ, ಎಲ್ಲವನ್ನೂ ಅದರ ಮೇಲೇ ಬರೆದುಕೊಳ್ಳಿ. ಟೇಪು ಹಿಡಿದು ಬರೆದುಕೊಂಡ ಅಂಕಿಗಿಂತ ಈ ರಟ್ಟು ನಂಬಿಕಸ್ತ. ಗುಜರಿಯಲ್ಲಿ ಸೀಟನ್ನು ಮಗುಚಿ ಅದರ ಕಾಲಿನ ಮೇಲೆ ಇದನ್ನು ಹಿಡಿದರೆ ಎಷ್ಟು ಕೂಡುತ್ತದೆ, ಎಷ್ಟು ಕೂಡುವುದಿಲ್ಲ ಎಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಟೇಪಿನಿಂದಲೇ ಅಳೆಯಬೇಕಾದವು ಮೂರು. ಒಂದು, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಇರುವ ಎತ್ತರದ ವ್ಯತ್ಯಾಸ, ಏಕೆಂದರೆ ಫ್ಲೋರು ಸಮತಟ್ಟಲ್ಲ. ಎರಡು, ಫ್ಲೋರಿನಿಂದ ಕುಶನ್ನಿನ ಮೇಲ್ಮೈ, ಅದೂ ಯಾರಾದರೂ ಕೂತಾಗ. ಮೂರು, ಬೆನ್ನಿನ ಹಿಂಬದಿಯಿಂದ ಕ್ಯಾಬಿನ್ನಿನ ಗೋಡೆಗೆ ಉಳಿಯುವ ಜಾಗ. ಬಿಡಿ ಸೀಟನ್ನು ಚಿಕ್ಕ ಕ್ಯಾಬಿನ್ನಿಗೆ ಹಾಕಿದವರು ಬೆನ್ನು ವಾಲಿಸುವ ಲಿವರ್ ಇದ್ದೂ ವಾಲಿಸಲಾಗದೆ ಒದ್ದಾಡುವುದು ಈ ಮೂರನೆಯದನ್ನು ಬಿಟ್ಟಿದ್ದಕ್ಕೆ.

ಜೊತೆಗೆ ಒಯ್ಯಬೇಕಾದದ್ದು: 13, 15, 18 ಮಿಮೀ ಮತ್ತು 1/2, 9/16 ಇಂಚಿನ ಸಾಕೆಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಟಿ50, ತುಕ್ಕು ಬಿಡಿಸುವ ಎಣ್ಣೆ, ಒಂದು ಚಿಕ್ಕ 12 ವೋಲ್ಟ್ ಬ್ಯಾಟರಿ, ಎರಡು ತುಂಡು ವೈರು. ಬ್ಯಾಟರಿ ಏಕೆಂದರೆ, ಹಿಂದಿನ ಬೋಲ್ಟು ಸಿಗಬೇಕಾದರೆ ಸೀಟು ಪೂರ್ತಿ ಮುಂದೆ ಬರಬೇಕು, ಮುಂದಿನದಕ್ಕೆ ಪೂರ್ತಿ ಹಿಂದೆ ಹೋಗಬೇಕು. ಕರೆಂಟಿನ ಸೀಟಾದರೆ ಗುಜರಿಯ ಗಾಡಿಯಲ್ಲಿ ಬ್ಯಾಟರಿ ಇರುವುದಿಲ್ಲ, ಸೀಟು ಕೊನೆಯ ಮಾಲೀಕ ಬಿಟ್ಟಲ್ಲೇ ಕೂತಿರುತ್ತದೆ. ಮೋಟಾರು ಓಡುತ್ತದೋ ಇಲ್ಲವೋ ಎಂಬ ಪರೀಕ್ಷೆಯೂ ಅಲ್ಲೇ ಮುಗಿಯುತ್ತದೆ.

ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಗುರುತಿನ ಚೀಟಿ ಇದ್ದರೆ, ಕೆಳಗೆ ಹಳದಿ ಕನೆಕ್ಟರ್ ಕಂಡರೆ, ಆ ಸೀಟನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಟೆಸ್ಟ್ ಲ್ಯಾಂಪ್ ಇಟ್ಟು ನೋಡುವ ಕುತೂಹಲ ಬೇಡವೇ ಬೇಡ, ಅಷ್ಟು ಕರೆಂಟೇ ಅದನ್ನು ಸಿಡಿಸಲು ಸಾಕಾಗಬಹುದು.

ಅಪಘಾತವಾದ ಗಾಡಿಯ ಸೀಟು ಬೇಡ. ಗುರುತು ಸಿಗುವುದು ಹೊರಗಿನ ಬಾಡಿಯಲ್ಲಲ್ಲ, ಬೆಲ್ಟಿನಲ್ಲಿ. ಬೆಲ್ಟನ್ನು ಕೊನೆತನಕ ಎಳೆದು ನೋಡಿ. ಪಟ್ಟಿ ಅಲೆಅಲೆಯಾಗಿದ್ದರೆ, ಮಡಚಿ ಹೊಲಿದ ಜಾಗ ಬಿಚ್ಚಿದ್ದರೆ, ಬೆಲ್ಟು ಹಾಯುವ ಭುಜದ ಬಳೆಯ ಪ್ಲಾಸ್ಟಿಕ್ಕಿನ ಮೇಲೆ ಕರಗಿ ಉಜ್ಜಿದ ಗೆರೆ ಇದ್ದರೆ, ಅದು ಒಮ್ಮೆ ಮನುಷ್ಯನ ಭಾರ ಹೊತ್ತಾಗಿದೆ ಎಂದರ್ಥ. ಹಾಗಂತ ನೆಲದ ಮೇಲೆ ಓರೆಯಾಗಿ ಇಟ್ಟ ಸೀಟಿನ ಬೆಲ್ಟು ಬರುತ್ತಿಲ್ಲ ಎಂದು ಬಿಸಾಡಬೇಡಿ. ಸುರುಳಿಯೊಳಗಿನ ಗುಂಡು ಓರೆಯಾದರೆ ಬೀಗ ಹಾಕಿಕೊಳ್ಳುವುದು ಅದರ ಧರ್ಮ. ಸೀಟನ್ನು ನೆಟ್ಟಗೆ ನಿಲ್ಲಿಸಿ ಮತ್ತೆ ಎಳೆಯಿರಿ.

ಫ್ಲೋರು

ಕಾರ್ಪೆಟ್ ಮೇಲೆತ್ತಿ ನೋಡದೆ ಯಾವ ಕೆಲಸವನ್ನೂ ಶುರುಮಾಡಬೇಡಿ. ಮುಂಗಾಜಿನ ಅಂಚಿನಿಂದ ಸೋರಿದ ನೀರು ವರ್ಷಗಟ್ಟಲೆ ಕೆಳಗಿನ ಮೆತ್ತೆಯಲ್ಲಿ ನಿಂತಿರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಬೋಲ್ಟಿನ ಸುತ್ತ ಜೋರಾಗಿ ಚುಚ್ಚಿ. ‘ಟಣ್’ ಎಂದರೆ ತಗಡಿದೆ, ತುದಿ ಒಳಗೆ ಇಳಿದರೆ ಸೀಟಿನ ಮಾತು ಬಿಟ್ಟು ಮೊದಲು ಹೊಸ ತಗಡು ಬೆಸೆಸಬೇಕು.

ಹಳೆ ಬೋಲ್ಟು ಬಿಚ್ಚುವ ಹಿಂದಿನ ರಾತ್ರಿಯೇ ಗಾಡಿಯ ಕೆಳಗಿನಿಂದ, ಹೊರಗೆ ಇಣುಕುವ ಬೋಲ್ಟಿನ ಮರೆಗೆ (ಸುತ್ತುಗೆರೆಗೆ) ತಂತಿ ಬ್ರಷ್ ಹಾಕಿ ಎಣ್ಣೆ ಬಿಡಿ. ಮರೆಗೆ ಮಣ್ಣು ತುಂಬಿರುವಾಗ ಮೇಲಿನಿಂದ ಬಲ ಹಾಕಿದರೆ ಕೆಳಗೆ ಬೆಸೆದಿದ್ದ ನಟ್ಟು ಕಿತ್ತು ಬೋಲ್ಟಿನ ಜೊತೆ ಸುತ್ತತೊಡಗುತ್ತದೆ. ಆಮೇಲೆ ಗ್ರೈಂಡರೇ ಗತಿ.

ಬೆಂಚ್ ಸೀಟಿನ ಗಾಡಿಗೆ ಎರಡು ಬಿಡಿ ಸೀಟು ಹಾಕುವಾಗ ಹೊರಗಿನ ತೂತು ಸಿಕ್ಕರೂ ಗುಬ್ಬಿನ ಕಡೆಯ ಒಳತೂತು ಹೊಸದಾಗಿ ಹಾಕಬೇಕಾಗುವುದು ಸಾಮಾನ್ಯ. ಕೆಲವು ಫ್ಲೋರುಗಳಲ್ಲಿ ಅಲ್ಲಿ ಅಚ್ಚೊತ್ತಿದ ಗುಳಿ ಇರುತ್ತದೆ, ಕೆಲವದರಲ್ಲಿ ಏನೂ ಇಲ್ಲ. ಕೊರೆಯುವ ಮೊದಲು ಗಾಡಿಯ ಕೆಳಗೆ ಮಲಗಿ ನೋಡಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಎಲ್ಲ ಅಲ್ಲೇ ಓಡುತ್ತವೆ. ಎರಡು ಟ್ಯಾಂಕಿನ ಹಳೆ ಫೋರ್ಡ್‌ನಲ್ಲಂತೂ ಮುಂದಿನ ಟ್ಯಾಂಕು ಡ್ರೈವರ್ ಕಡೆಯ ಚಾಸಿಗೇ ಅಂಟಿಕೊಂಡಿದೆ. ಮೊದಲು 3 ಮಿಮೀ ತೂತು, ಕೆಳಗೆ ಎಲ್ಲಿ ಬಂತು ಎಂದು ನೋಡಿ, ಆಮೇಲೆ 7/16 ಬೋಲ್ಟಿಗೆ 12 ಮಿಮೀ.

ಡ್ರಿಲ್ ಬಿಟ್ಟನ್ನು ಕಾರ್ಪೆಟ್ ಮೇಲಿಂದ ಒತ್ತಿದರೆ ಒಂದು ಎಳೆ ಸುತ್ತಿಕೊಂಡು ಬಾಗಿಲತನಕ ಗೆರೆ ಎಳೆದಂತೆ ಬಿಚ್ಚಿಬರುತ್ತದೆ. ಬ್ಲೇಡಿನಿಂದ ಅಡ್ಡಡ್ಡ ಕೊಯ್ದು ಬಾಯಿ ತೆರೆದುಕೊಳ್ಳಿ, ಅಂಚನ್ನು ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಸುಟ್ಟು ಮುಚ್ಚಿ. ಸೀಟಿನ ಕಾಲು ಕೂರುವಷ್ಟು ಜಾಗದಲ್ಲಿ ಕಾರ್ಪೆಟ್ಟನ್ನೂ ಕೆಳಗಿನ ಮೆತ್ತೆಯನ್ನೂ ಪೂರ್ತಿ ಕತ್ತರಿಸಿ ತೆಗೆಯಿರಿ. ಕಬ್ಬಿಣ ಕಬ್ಬಿಣಕ್ಕೇ ಕೂರಬೇಕು. ಮೆತ್ತೆಯ ಮೇಲೆ ಬಿಗಿದ ಬೋಲ್ಟು ಇವತ್ತು ಬಿಗಿ, ಮೆತ್ತೆ ಅಮುಕಿದಂತೆ ತಿಂಗಳಲ್ಲಿ ಸಡಿಲ. ‘ಸೀಟು ಕಿರ್ ಅನ್ನುತ್ತೆ’ ಎಂಬ ದೂರಿನ ಮೂಲ ಬಹುತೇಕ ಇದೇ.

ಹೊಸ ತೂತಿನ ಕೆಳಗೆ ಬರೀ ವಾಷರ್ ಸಾಲದು. 3 ಇಂಚು ಚೌಕದ, 1/8 ಇಂಚು ದಪ್ಪದ ಉಕ್ಕಿನ ಪಟ್ಟಿ ಇಡಿ, ಮೂಲೆಗಳನ್ನು ಉರುಟು ಮಾಡಿ. ಚೂಪು ಮೂಲೆಯೇ ಏಟಿನಲ್ಲಿ ತಗಡನ್ನು ಸೀಳುತ್ತದೆ. ಬೋಲ್ಟಿನ ಗಟ್ಟಿತನದ ದರ್ಜೆ ಗ್ರೇಡ್ 8, ಅಥವಾ ಮಿಲಿಮೀಟರ್ ಅಳತೆಯದಾದರೆ 10.9. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಪಟ್ಟಿಯ ಸುತ್ತ ಸೀಲರ್ ಹಾಕಿ.

ಬ್ರಾಕೆಟ್ಟು, ಬಿಗಿಯುವುದು

ಕಾಲು ಎತ್ತರಿಸಬೇಕಾದರೆ ವಾಷರ್ ಮೇಲೆ ವಾಷರ್ ಪೇರಿಸುವುದು ಅತಿ ಕೆಟ್ಟ ದಾರಿ. ಬೋಲ್ಟು ಉದ್ದವಾದಷ್ಟೂ ಬಗ್ಗುತ್ತದೆ. 1 ಇಂಚು ಎತ್ತರದ ಚೌಕ ಪೈಪನ್ನು, 1/8 ಇಂಚು ದಪ್ಪದ ಗೋಡೆಯದನ್ನು, ಮುಂದಿನಿಂದ ಹಿಂದಿನವರೆಗೆ ಒಂದೇ ತುಂಡಾಗಿ ಹಾಕಿ. ಟೊಳ್ಳು ಪೈಪಿನ ಮೂಲಕ ಬೋಲ್ಟು ಹಾಯಿಸಿ ಬಿಗಿದರೆ ಪೈಪು ಅಪ್ಪಚ್ಚಿಯಾಗುತ್ತ ಹೋಗುತ್ತದೆ, ಬಿಗಿ ಎಂದೂ ನಿಲ್ಲುವುದಿಲ್ಲ. ಅದಕ್ಕೆ ಬೋಲ್ಟು ಹಾಯುವಲ್ಲಿ ಒಳಗೆ ಗಟ್ಟಿ ಕೊಳವೆಯ ತುಂಡೊಂದನ್ನು ನಿಲ್ಲಿಸಿ ಬೆಸೆಸಬೇಕು. ಎತ್ತರ 1 ಇಂಚಿಗಿಂತ ಹೆಚ್ಚು ಬೇಕಾಗುತ್ತಿದ್ದರೆ ಆ ಸೀಟು ನಿಮ್ಮ ಗಾಡಿಯದಲ್ಲ.

ಎತ್ತರ ಬದಲಾದರೆ ಬೆಲ್ಟಿನ ಕೋನವೂ ಬದಲಾಗುತ್ತದೆ. ಸೊಂಟದ ಪಟ್ಟಿ ನೆಲಕ್ಕೆ 30ರಿಂದ 75 ಡಿಗ್ರಿ ಒಳಗೆ ಇರಬೇಕು ಎಂದು ಮಾನದಂಡ 210 ಹೇಳುತ್ತದೆ. ಅದಕ್ಕಿಂತ ಮಲಗಿದರೆ ಪಟ್ಟಿ ಸೊಂಟದ ಮೂಳೆಯಿಂದ ಜಾರಿ ಹೊಟ್ಟೆಗೆ ಏರುತ್ತದೆ. 1994ರ ನಂತರದ ಎಫ್-150, 1995ರ ನಂತರದ ಶೆವರ್ಲೆ ಇವುಗಳ ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇದೆ. ದಪ್ಪ ಬೆನ್ನಿನ ಸೀಟು ಡ್ರೈವರನ್ನು ಮುಂದಕ್ಕೆ ತಳ್ಳುವುದರಿಂದ ಎದೆಮೂಳೆಗೂ ಸ್ಟೀರಿಂಗ್ ನಡುವಿಗೂ ಕನಿಷ್ಠ 10 ಇಂಚು ಉಳಿದಿದೆಯಾ ಅಳೆಯಿರಿ.

ಬಿಗಿಯುವಾಗ ನಾಲ್ಕೂ ಬೋಲ್ಟನ್ನು ಮೊದಲು ಕೈಯಲ್ಲೇ ಹಿಡಿಸಿ. ಸೀಟು ಸರಿಯುವ ಎರಡು ರೇಲುಗಳ ನಡುವಿನ ಎರಡೂ ಕರ್ಣ ಅಳೆಯಿರಿ, ವ್ಯತ್ಯಾಸ 3 ಮಿಮೀ ದಾಟಬಾರದು. ಸೀಟನ್ನು ಮುಂದಿನ ತುದಿಯಿಂದ ಹಿಂದಿನ ತುದಿಗೆ ಎರಡು ಸಲ ಓಡಿಸಿ, ರೇಲು ತಾನೇ ತನ್ನ ಸಾಲಿಗೆ ಬರುತ್ತದೆ. ಆಮೇಲೆ ಅಡ್ಡಡ್ಡವಾಗಿ ಬಿಗಿಯುತ್ತ ಬನ್ನಿ. ಗಾಡಿಯ ಮ್ಯಾನುಯಲ್ಲಿನ ಟಾರ್ಕ್ ಅಂಕಿ ಸಿಕ್ಕರೆ ಅದೇ, ಹೊಸ ತೂತು ಮತ್ತು ಪಟ್ಟಿ ಇರುವಲ್ಲಿ 7/16 ಬೋಲ್ಟಿಗೆ 40 ಪೌಂಡ್-ಫುಟ್, ಅಂದರೆ 54 ನ್ಯೂಟನ್ ಮೀಟರ್, ಸಾಕು.

ಬೆಂಚ್ ಸೀಟಿನಲ್ಲಿ ಒಂದು ಗುಟ್ಟಿದೆ. ಲಿವರ್ ಒಂದೇ ಕಡೆ, ಇನ್ನೊಂದು ರೇಲಿನ ಕೊಕ್ಕೆಯನ್ನು ತೆಳು ತಂತಿಯೊಂದು ಎಳೆಯುತ್ತದೆ. ತಂತಿ ಹಿಗ್ಗಿದ್ದರೆ ಇಲ್ಲವೇ ರೇಲುಗಳು ಒಂದೊಂದು ಹಲ್ಲು ಹಿಂದೆ ಮುಂದೆ ಕೂತಿದ್ದರೆ ಒಂದು ಕಡೆ ಬೀಗ ಬೀಳುವುದೇ ಇಲ್ಲ. ಕೂತವರಿಗೆ ತಿಳಿಯುವುದಿಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಸೀಟು ಓರೆಯಾಗುತ್ತದೆ. ಪ್ರತಿ ಹಲ್ಲಿನಲ್ಲೂ ನಿಲ್ಲಿಸಿ, ಟಾರ್ಚ್ ಬಿಟ್ಟು ಎರಡೂ ಕೊಕ್ಕೆ ಬಿದ್ದಿವೆಯಾ ನೋಡಿ.

ಕರೆಂಟಿನ ಸೀಟು

ಸ್ವಿಚ್ಚು ಸೀಟಿನ ಮೇಲೇ ಇರುವ ಸೀಟು ತನ್ನಿ. ಅದಕ್ಕೆ ಬೇಕಾದದ್ದು ಬ್ಯಾಟರಿಯಿಂದ ನೇರ ಒಂದು ದಪ್ಪ ವೈರು, 10 ಗೇಜ್, ಮತ್ತು ತುಕ್ಕು ಕೆರೆದ ಬಾಡಿಗೆ ಅರ್ತ್. ಬ್ಯಾಟರಿಯ ಹತ್ತಿರವೇ 30 ಆಂಪಿಯರ್‌ನ, ತಾನೇ ಮರಳಿ ಕೂಡಿಕೊಳ್ಳುವ ಬ್ರೇಕರ್ ಹಾಕಿ. ಫ್ಯೂಸ್ ಬೇಡ, ಏಕೆಂದರೆ ಸೀಟು ತುದಿ ಮುಟ್ಟಿದ ಮೇಲೂ ಬೆರಳು ಸ್ವಿಚ್ಚಿನ ಮೇಲಿದ್ದರೆ ಮೋಟಾರು ನಿಂತಲ್ಲೇ ಕರೆಂಟು ಹೀರುತ್ತದೆ, ಫ್ಯೂಸು ಪ್ರತಿಸಲ ಹೋಗುತ್ತದೆ. ಡ್ರೈವರ್ ಕೂರುವ ಜಾಗವನ್ನು ನೆನಪಿಟ್ಟುಕೊಳ್ಳುವ ಸೀಟು, ಬಾಗಿಲಿನ ಸ್ವಿಚ್ಚಿನಿಂದ ಬಿಸಿಯಾಗುವ ಸೀಟು ಇವು ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುತ್ತವೆ. ಹಳೆ ಪಿಕಪ್‌ನಲ್ಲಿ ಉತ್ತರ ಕೊಡುವವರು ಇಲ್ಲ.

ಓಡಿಸುವ ಮೊದಲು

ಎಲ್ಲ ಗೇರಿಗೂ, ರಿವರ್ಸ್‌ಗೂ, ಫೋರ್-ವೀಲ್ ಲಿವರಿದ್ದರೆ ಅದರ ಎಲ್ಲ ಜಾಗಕ್ಕೂ ಸೀಟು ಪೂರ್ತಿ ಮುಂದಿರುವಾಗ ಒಮ್ಮೆ ಹಾಕಿ ನೋಡಿ. ನಡುವಿನ ಮಡಚು ಕನ್ಸೋಲ್ ಇರುವ ಸೀಟುಗಳಲ್ಲಿ ಎರಡನೇ ಗೇರು ಹಾಕುವಾಗ ಗಿಣ್ಣು ಕನ್ಸೋಲಿಗೆ ಬಡಿಯುವುದು ಹಳೆ ಕಾಟ. ಎರಡು ಬಿಡಿ ಸೀಟು ಹಾಕಿದ ಮೇಲೆ ಮಧ್ಯದವರ ಬೆಲ್ಟನ್ನು ಬಿಚ್ಚಿಬಿಡಿ, ಇಲ್ಲದಿದ್ದರೆ ಕನ್ಸೋಲಿನ ಮೇಲೆ ಯಾರಾದರೂ ಕೂರುತ್ತಾರೆ. ಊರಲ್ಲಿ, ಅಂದರೆ ಭಾರತದಲ್ಲಿ, ಗಾಡಿ ಇಟ್ಟುಕೊಂಡು ಇದನ್ನೇ ಮಾಡಹೊರಟವರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ. ಆರ್‌ಸಿಯಲ್ಲಿ ಬರೆದ ಆಸನ ಸಂಖ್ಯೆಗೆ ಗಾಡಿ ಹೊಂದಬೇಕು.

ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್ ತಂದು ನಾಲ್ಕು ಬೋಲ್ಟನ್ನೂ ಇನ್ನೊಮ್ಮೆ ನೋಡಿ. ಒಂದು ಬೋಲ್ಟು ಕಾಲು ಸುತ್ತಿಗಿಂತ ಹೆಚ್ಚು ತಿರುಗಿದರೆ ಅದರಡಿಯಲ್ಲಿ ಇನ್ನೂ ಕಾರ್ಪೆಟ್ ಉಳಿದಿದೆ, ಇಲ್ಲವೇ ತಗಡು ಸೋಲುತ್ತಿದೆ. ಬಿಗಿದು ಸುಮ್ಮನಾಗದೆ ಬಿಚ್ಚಿ ನೋಡಿ.